ರಿಲ್ಯಾಕ್ಸಿನ್: ಫ್ರೆಡರಿಕ್ ಹೈಸಾ ಅವರ ಶೋಧ ಮತ್ತು ಸಂಯೋಜಕ ಅಂಗಾಂಶದ ಕಥನ

ರಿಲ್ಯಾಕ್ಸಿನ್ ಸಸ್ತನಿಗಳಲ್ಲಿ ಮುಖ್ಯವಾಗಿ ಬಸಿರಿನ ಕಾಲದಲ್ಲಿ ತಯಾರಾಗುವ ಒಂದು ಪ್ರೋಟೀನ್ ಹಾರ್ಮೋನು. ಹಂದಿ, ಇಲಿ, ಮನುಷ್ಯರಲ್ಲಿ ಅದರ ಮುಖ್ಯ ಮೂಲ ಅಂಡಾಶಯದ ಪೀತಪಿಂಡ, ಅಂದರೆ ಅಂಡ ಹೊರಬಿದ್ದ ಜಾಗದಲ್ಲಿ ರೂಪುಗೊಳ್ಳುವ ಗಂಟು. ಕುದುರೆ, ಮೊಲಗಳಲ್ಲಿ ಮಾಸು. ಹೆರಿಗೆಗೆ ದಾರಿ ಬಿಡಿಸುವ ಹಾರ್ಮೋನೆಂದೇ ಅದು ಮೊದಲು ಹೆಸರು ಪಡೆಯಿತು. ಅಮೆರಿಕದ ಪ್ರಾಣಿವಿಜ್ಞಾನಿ ಫ್ರೆಡರಿಕ್ ಲೀ ಹೈಸಾ (1891–1972) ಅದನ್ನು ಗುರುತಿಸಿದ್ದು 1926ರಲ್ಲಿ. ಆಗ ಈಸ್ಟ್ರೋಜೆನ್ ಶುದ್ಧ ರೂಪದಲ್ಲಿ ಇನ್ನೂ ಯಾರ ಕೈಗೂ ಸಿಕ್ಕಿರಲಿಲ್ಲ, ಪ್ರೊಜೆಸ್ಟರಾನ್ ಎಂಬ ಹೆಸರೇ ಹುಟ್ಟಿರಲಿಲ್ಲ. ಆ ಎರಡು ಹಾರ್ಮೋನುಗಳ ಅಧ್ಯಯನ ಬೇಗ ಬೆಳೆದು ಗರ್ಭನಿರೋಧಕ ಮಾತ್ರೆಯವರೆಗೆ ಬಂತು. ಅವು ಶುದ್ಧ ರೂಪದಲ್ಲಿ ಸಿಗುವ ಮೊದಲೇ ಕಾಣಿಸಿಕೊಂಡ ರಿಲ್ಯಾಕ್ಸಿನ್ ಮಾತ್ರ ಅರ್ಧ ಶತಮಾನ ಅನುಮಾನದ ನೆರಳಲ್ಲೇ ಉಳಿಯಿತು. ಹಾರ್ಮೋನನ್ನು ಅರಿಯುವ ಮುನ್ನ ಅದು ಕೆಲಸ ಮಾಡುವ ಅಂಗಾಂಶವನ್ನು ಅರಿಯಬೇಕಿತ್ತು, ಆ ತಿಳಿವಳಿಕೆ ಬರುವುದೇ ತಡವಾಯಿತು.

ಆ ಅಂಗಾಂಶ ಸಂಯೋಜಕ ಅಂಗಾಂಶ. ಚರ್ಮದ ಒಳಪದರ, ಸ್ನಾಯುವಿನ ತುದಿಯ ಕಂಡರ, ಮೂಳೆಗಳ ನಡುವಿನ ಅಸ್ಥಿರಜ್ಜು, ಮೃದ್ವಸ್ಥಿ, ರಕ್ತನಾಳದ ಗೋಡೆ, ಗರ್ಭಕೋಶದ ಕೊರಳು ಎಲ್ಲವೂ ಈ ಬಗೆಯವೇ. ಇವುಗಳ ಬಲವೆಲ್ಲ ಕೊಲಾಜೆನ್ ಎಂಬ ಪ್ರೋಟೀನಿನದು. ದೇಹದ ಒಟ್ಟು ಪ್ರೋಟೀನಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಅದೇ. ಇಪ್ಪತ್ತನೆಯ ಶತಮಾನದ ಮೊದಲರ್ಧದ ವೈದ್ಯಗ್ರಂಥಗಳು ಇದನ್ನು ಚಪ್ಪರಕ್ಕೆ ಬಿಗಿದ ಹಗ್ಗದಂತೆ ಕಂಡವು: ಒಮ್ಮೆ ಬಿಗಿದರೆ ಆಯಿತು, ಆಮೇಲೆ ಅದಕ್ಕೊಂದು ಜೀವನವಿಲ್ಲ. ಹೈಸಾ ಅವರ ಪ್ರಯೋಗಗಳು ತೋರಿಸಿದ್ದು ಬೇರೆಯದನ್ನೇ. ರಕ್ತದಲ್ಲಿ ಬಂದ ಒಂದು ಸಂದೇಶಕ್ಕೆ ಈ ಹಗ್ಗ ಕೆಲವೇ ಗಂಟೆಗಳಲ್ಲಿ ಸಡಿಲವಾಗಬಲ್ಲದು.

ಹೈಸಾ ಈ ವಿಷಯಕ್ಕೆ ಬಂದದ್ದು ವೈದ್ಯಶಾಸ್ತ್ರದ ಬಾಗಿಲಿನಿಂದಲ್ಲ, ಹೊಲದಿಂದ. 1919ರಲ್ಲಿ ಕಾನ್ಸಾಸ್ ರಾಜ್ಯದ ಕೃಷಿ ಕಾಲೇಜಿಗೆ ಸೇರಿದ ಅವರಿಗೆ ಅಲ್ಲಿನ ರೈತರನ್ನು ಕಾಡುತ್ತಿದ್ದ ಪಾಕೆಟ್ ಗೋಫರ್ ಎಂಬ ಬಿಲವಾಸಿ ದಂಶಕದ ಅಧ್ಯಯನ ಒದಗಿತು. ಕೆನ್ನೆಯ ಹೊರಬದಿಯಲ್ಲಿ ಆಹಾರ ತುಂಬಿಕೊಳ್ಳುವ ಚೀಲಗಳಿರುವ ಈ ಪ್ರಾಣಿ ಕುದುರೆಮಸಾಲೆ ಸೊಪ್ಪಿನ ಹೊಲಗಳ ಅಡಿಯಲ್ಲಿ ಸುರಂಗ ಕೊರೆದು ಬೇರು ತಿನ್ನುತ್ತದೆ, ಮಣ್ಣು ಗುಡ್ಡೆ ಹಾಕುತ್ತದೆ. ಬದುಕೆಲ್ಲ ಇಕ್ಕಟ್ಟಾದ ಸುರಂಗದಲ್ಲೇ ಕಳೆಯುವುದರಿಂದ ಅದರ ಸೊಂಟ ತೀರ ಕಿರಿದು. ಗಂಡಿನಲ್ಲಿ ಸೊಂಟದ ಮೂಳೆಗಳು ಮುಂಬದಿಯಲ್ಲಿ ಕೂಡಿಕೊಂಡು ಮುಚ್ಚಿದ ಬಳೆಯಾಗಿರುತ್ತವೆ. ಎಳೆಯ ಹೆಣ್ಣಿನಲ್ಲೂ ಹಾಗೆಯೇ. ಆ ಬಳೆಯೊಳಗಿಂದ ಮರಿ ಹೊರಬರುವುದು ಅಸಾಧ್ಯ. ಆದರೂ ಹೆಣ್ಣು ಗೋಫರ್‌ಗಳು ಮರಿ ಹಾಕುತ್ತವೆ.

ಒಂದು ಸಾದಾ ಪ್ರಾಣಿಶಾಸ್ತ್ರೀಯ ವಿವರವೆಂದು ಇದನ್ನು ಬದಿಗಿಡಬಹುದಿತ್ತು. ಹೈಸಾ ಹಾಗೆ ಬಿಡಲಿಲ್ಲ. ಬೇರೆ ಬೇರೆ ವಯಸ್ಸಿನ ಪ್ರಾಣಿಗಳ ಸೊಂಟಗಳನ್ನು ಹೋಲಿಸಿದಾಗ, ಹೆಣ್ಣು ಪ್ರಾಯಕ್ಕೆ ಬರುವ ಹೊತ್ತಿಗೆ ಮುಂಬದಿಯ ಜಘನಾಸ್ಥಿಗಳು ಕರಗಿ ಮಾಯವಾಗುವುದು ಕಂಡಿತು. ಒಮ್ಮೆ ಕರಗಿದ್ದು ಮತ್ತೆ ಬೆಳೆಯದು. ಬಳೆ ಶಾಶ್ವತವಾಗಿ ತೆರೆದುಕೊಳ್ಳುತ್ತದೆ. ಅಂಡಾಶಯ ತೆಗೆದ ಹೆಣ್ಣಿನಲ್ಲಿ ಮೂಳೆ ಕರಗಲಿಲ್ಲ. ಹಾಗಾಗಿ ಮೂಳೆ ಕರಗಿಸುವ ಅಪ್ಪಣೆ ಅಂಡಾಶಯದಿಂದ ಬರುತ್ತಿತ್ತು. 1924 ಮತ್ತು 1925ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅಂಡಾಶಯದ ಸ್ರಾವ ಗರ್ಭಕೋಶ, ಯೋನಿಗಳಂಥ ಜನನಾಂಗಗಳ ಮೇಲಷ್ಟೇ ಕೆಲಸ ಮಾಡುತ್ತದೆಂದು ನಂಬಿದ್ದ ಕಾಲದಲ್ಲಿ, ಅದು ಮೂಳೆಯನ್ನೇ ಕರಗಿಸುತ್ತದೆಂಬ ಮಾತು ಸಣ್ಣದಾಗಿರಲಿಲ್ಲ.

ಮುಂದಿನ ಹೆಜ್ಜೆಗೆ ಬೇರೊಂದು ಪ್ರಾಣಿ ಬೇಕಾಯಿತು. ಆ ವೇಳೆಗೆ ಹೈಸಾ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದರು. ಅಲ್ಲಿ ಅವರು ಗಿನಿಪಿಗ್‌ಗಳನ್ನು ಆರಿಸಿಕೊಂಡರು. ಗಿನಿಪಿಗ್ ಎರಡು ತಿಂಗಳಿಗೂ ಹೆಚ್ಚು ಕಾಲ ಗಬ್ಬದಲ್ಲಿರುತ್ತದೆ. ಹುಟ್ಟುವಾಗಲೇ ಮರಿಗೆ ಮೈತುಂಬ ಕೂದಲು, ತೆರೆದ ಕಣ್ಣು, ತಾಯಿಯ ಸೊಂಟಕ್ಕೆ ಮೀರಿದ ತಲೆ. ಇಲ್ಲಿ ಮೂಳೆ ಕರಗುವುದಿಲ್ಲ. ಎರಡು ಜಘನಾಸ್ಥಿಗಳ ನಡುವಿನ ಅಸ್ಥಿರಜ್ಜು ಮೃದುವಾಗಿ ಹಿಗ್ಗಿ, ಈಯುವ ಹೊತ್ತಿಗೆ ಮೂಳೆಗಳ ನಡುವೆ ಒಂದು ಬೆರಳು ಧಾರಾಳವಾಗಿ ತೂರುವಷ್ಟು ಅಂತರ ಬಿಡುತ್ತದೆ. ಈದ ಮೇಲೆ ಮತ್ತೆ ಬಿಗಿಯಾಗುತ್ತದೆ. ಗಿನಿಪಿಗ್ ಸಾಕುವವರಿಗೆ ಇದರ ಮಹತ್ವ ಗೊತ್ತು: ಆರೇಳು ತಿಂಗಳು ಕಳೆದರೂ ಒಮ್ಮೆಯೂ ಈಯದ ಹೆಣ್ಣಿನಲ್ಲಿ ಆ ಕೀಲು ಗಟ್ಟಿಯಾಗಿಬಿಡುತ್ತದೆ. ಆಮೇಲೆ ಗಬ್ಬವಾದರೆ ತಾಯಿಗೂ ಮರಿಗೂ ಅಪಾಯ.

1926ರ ಪ್ರಯೋಗ ಸರಳವಾಗಿತ್ತು. ಬೆದೆಗೆ ಬಂದಿದ್ದ, ಗಬ್ಬವಾಗದ ಗಿನಿಪಿಗ್‌ಗಳಿಗೆ ಗಬ್ಬವಾದ ಪ್ರಾಣಿಗಳ ರಕ್ತದ ಸೀರಮ್ ಚುಚ್ಚಿದಾಗ ಅವುಗಳ ಅಸ್ಥಿರಜ್ಜು ಸಡಿಲಾಯಿತು. ಗಬ್ಬವಾಗದ ಪ್ರಾಣಿಗಳ ಸೀರಮ್‌ಗೆ ಆ ಗುಣವಿರಲಿಲ್ಲ. ಸಡಿಲಾದದ್ದನ್ನು ತಿಳಿಯಲು ಉಪಕರಣವಿರಲಿಲ್ಲ, ಬೆರಳೇ ಉಪಕರಣ. ಪರೀಕ್ಷಕರು ಪ್ರಾಣಿಯನ್ನು ಅಂಗಾತ ಹಿಡಿದು, ಒಂದೊಂದು ಕೈಯ ಹೆಬ್ಬೆರಳು–ತೋರುಬೆರಳುಗಳ ನಡುವೆ ಒಂದೊಂದು ಬದಿಯ ಮೂಳೆ ಹಿಡಿದು ಮೆಲ್ಲಗೆ ಆಡಿಸುತ್ತಿದ್ದರು. ಬಿಗಿಯಾದ ಕೀಲಿನಲ್ಲಿ ಎರಡು ಬದಿಯೂ ಒಟ್ಟಿಗೆ ಚಲಿಸುತ್ತವೆ. ಸಡಿಲಾದ ಕೀಲಿನಲ್ಲಿ ಒಂದು ಮೂಳೆ ಮೇಲಕ್ಕೂ ಇನ್ನೊಂದು ಕೆಳಕ್ಕೂ ಬೇರೆ ಬೇರೆಯಾಗಿ ಆಡುತ್ತವೆ. ಒರಟಾಗಿ ಕಂಡರೂ ಪಳಗಿದ ಕೈಗೆ ಇದು ನಂಬಿಕಸ್ಥ ಪರೀಕ್ಷೆ. ಮುಂದೆ ಇದೇ ಪರೀಕ್ಷೆಯಿಂದ ಔಷಧಿಯ ಪ್ರಮಾಣ ಅಳೆಯುವ ಗಿನಿಪಿಗ್ ಯೂನಿಟ್ ಎಂಬ ಮಾನವೂ ರೂಪುಗೊಂಡಿತು: ಈಸ್ಟ್ರೋಜೆನ್ ಕೊಟ್ಟು ಅಣಿಗೊಳಿಸಿದ ಪ್ರಾಣಿಗಳಲ್ಲಿ ಮೂರರಲ್ಲಿ ಎರಡು ಪಾಲಿನ ಕೀಲನ್ನು ಕೆಲವೇ ಗಂಟೆಗಳಲ್ಲಿ ಸಡಿಲಿಸುವಷ್ಟು ಔಷಧಿ ಒಂದು ಯೂನಿಟ್.

1930ರಲ್ಲಿ ಹೈಸಾ, ರಸಾಯನವಿಜ್ಞಾನಿ ಹ್ಯಾರಿ ಫೆವೋಲ್ಡ್ ಹಾಗೂ ರೋಲೆಂಡ್ ಮೇಯರ್ ಹಂದಿಯ ಪೀತಪಿಂಡಗಳಿಂದ ಈ ವಸ್ತುವನ್ನು ಸಾಕಷ್ಟು ಸಾಂದ್ರವಾಗಿ ಬೇರ್ಪಡಿಸಿದರು. ಅದೇ ಪೀತಪಿಂಡದಲ್ಲಿರುವ, ಮುಂದೆ ಪ್ರೊಜೆಸ್ಟರಾನ್ ಎನಿಸಿಕೊಂಡ ವಸ್ತು ಕೊಬ್ಬಿನಲ್ಲಿ ಕರಗುತ್ತಿತ್ತು. ಇದು ನೀರಿನ ಭಾಗದಲ್ಲಿ ಉಳಿಯುತ್ತಿತ್ತು, ಪ್ರೋಟೀನಿನಂತೆ ವರ್ತಿಸುತ್ತಿತ್ತು. ಸಡಿಲಿಸುವ ಗುಣದಿಂದಲೇ ಅದಕ್ಕೆ ರಿಲ್ಯಾಕ್ಸಿನ್ ಎಂಬ ಹೆಸರು ಬಂತು.

ಹೈಸಾ ಅವರ ಹೆಸರನ್ನು ಆ ಕಾಲದಲ್ಲಿ ಹೆಚ್ಚು ಹರಡಿದ್ದು ರಿಲ್ಯಾಕ್ಸಿನ್ ಅಲ್ಲ, ಪಿಟ್ಯುಟರಿ ಗ್ರಂಥಿಯ ಕೆಲಸ. 1931ರಲ್ಲಿ ಫೆವೋಲ್ಡ್, ಹೈಸಾ ಮತ್ತು ಸ್ಯಾಮ್ಯುಯೆಲ್ ಲಿಯೊನಾರ್ಡ್ ಅಂಡಾಶಯವನ್ನು ನಡೆಸುವ ಪಿಟ್ಯುಟರಿ ಸ್ರಾವ ಒಂದಲ್ಲ, ಎರಡು ಎಂದು ತೋರಿಸಿದರು: ಅಂಡದ ಕೋಶಿಕೆಗಳನ್ನು ಬೆಳೆಸುವ ಎಫ್‌ಎಸ್‌ಎಚ್, ಪೀತಪಿಂಡವನ್ನು ರೂಪಿಸುವ ಎಲ್‌ಎಚ್. ಒಂದೇ ಹಾರ್ಮೋನು ಎರಡೂ ಕೆಲಸ ಮಾಡುತ್ತದೆಂದು ವಾದಿಸುವವರು ಆಗ ಕಡಿಮೆ ಇರಲಿಲ್ಲ. ಎರಡೂ ಶುದ್ಧವಾಗಿ ಬೇರ್ಪಟ್ಟ ಮೇಲೆ ವಾದ ಅಡಗಿತು. ಈ ಎರಡು ಹಾರ್ಮೋನುಗಳ ಸಂಶೋಧನೆಯ ಒಂದು ಮುಖ್ಯ ಕೊಂಡಿ ಬೆಂಗಳೂರಿನಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರ ಗುಂಪು ಎಲ್‌ಎಚ್‌ಗೆ ಎದುರಾದ ಪ್ರತಿಕಾಯಗಳನ್ನು ಬಳಸಿ, ಇಲಿಗಳಲ್ಲಿ ಪೀತಪಿಂಡ ಮತ್ತು ಬಸಿರು ಉಳಿಯಲು ಎಲ್‌ಎಚ್ ಎಷ್ಟು ಅಗತ್ಯವೆಂದು ತೋರಿಸಿತು. ನಮ್ಮ ಊರಮಂಗಗಳಲ್ಲಿ ಎಫ್‌ಎಸ್‌ಎಚ್ ತಡೆದು ಗಂಡಿನ ಫಲವತ್ತತೆಯನ್ನು ಅಂಕೆಯಲ್ಲಿಡುವ ದಾರಿಯನ್ನೂ ಹುಡುಕಿತು. ಒಂದು ಹಾರ್ಮೋನನ್ನು ರಕ್ತದಿಂದ ಆಯ್ದು ತೆಗೆದು ಅದರ ಗೈರುಹಾಜರಿಯಲ್ಲಿ ದೇಹ ಏನಾಗುತ್ತದೆಂದು ನೋಡುವ ಈ ಕ್ರಮ ಮುಂದೆ ರಿಲ್ಯಾಕ್ಸಿನ್ ಅಧ್ಯಯನಕ್ಕೂ ಕೀಲಿಕೈಯಾಯಿತು.

ರಿಲ್ಯಾಕ್ಸಿನ್‌ಗೆ ಎದುರಾದ ತೊಡಕು ಬೇರೆ. 1930ರ ದಶಕದಲ್ಲಿ ಈಸ್ಟ್ರೋಜೆನ್ ಶುದ್ಧವಾಗಿ ಸಿಗತೊಡಗಿದಾಗ, ಅದನ್ನು ಬಹುದಿನ ಕೊಟ್ಟರೂ ಗಿನಿಪಿಗ್‌ನ ಕೀಲು ಸಡಿಲಾಗುವುದು ಕಂಡುಬಂತು. ಪ್ರೊಜೆಸ್ಟರಾನ್ ಸೇರಿಸಿದರೆ ಇನ್ನೂ ಬೇಗ. ಹಾಗಿದ್ದರೆ ಮೂರನೆಯ ಹಾರ್ಮೋನು ಯಾಕೆ ಎಂದು ಹಲವರು ಕೇಳಿದರು. ರಿಲ್ಯಾಕ್ಸಿನ್ ಎಂಬುದೇ ಇಲ್ಲವೆಂಬ ಅಭಿಪ್ರಾಯ ಬಲವಾಯಿತು. ಆಗ ಹಾರ್ವರ್ಡ್‌ನಲ್ಲಿದ್ದ ಹೈಸಾ ಸಂಗಡಿಗರೊಂದಿಗೆ 1944ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಅವರು ಹಿಡಿದ ಎಳೆ ಕಾಲ. ಈಸ್ಟ್ರೋಜೆನ್ ಒಂದರಿಂದಲೇ ಕೀಲು ಸಡಿಲಾಗಲು ವಾರಗಳು ಬೇಕು, ಪ್ರೊಜೆಸ್ಟರಾನ್ ಜೊತೆಗಿದ್ದರೆ ಕೆಲವು ದಿನ, ರಿಲ್ಯಾಕ್ಸಿನ್ ಕೊಟ್ಟರೆ ಕೆಲವು ಗಂಟೆ. ಗರ್ಭಕೋಶವನ್ನು ತೆಗೆದ ಪ್ರಾಣಿಗೆ ಪ್ರೊಜೆಸ್ಟರಾನ್ ಕೊಟ್ಟರೆ ಏನೂ ಆಗಲಿಲ್ಲ. ರಿಲ್ಯಾಕ್ಸಿನ್ ಕೊಟ್ಟರೆ ಕೀಲು ಸಡಿಲಾಯಿತು. ಅಂದರೆ ಪ್ರೊಜೆಸ್ಟರಾನ್ ನೇರವಾಗಿ ಅಸ್ಥಿರಜ್ಜನ್ನು ಸಡಿಲಿಸುತ್ತಿರಲಿಲ್ಲ, ಗರ್ಭಕೋಶದಿಂದ ರಿಲ್ಯಾಕ್ಸಿನ್ ಹೊರಡಿಸುತ್ತಿತ್ತು. ಒಂದೇ ಪರಿಣಾಮಕ್ಕೆ ಮೂರು ದಾರಿಗಳಿದ್ದಾಗ ಅವುಗಳನ್ನು ಗಡಿಯಾರದಿಂದಲೂ ಶಸ್ತ್ರಕ್ರಿಯೆಯಿಂದಲೂ ಬೇರ್ಪಡಿಸಿದ ಈ ಪ್ರಯೋಗ ಹೈಸಾ ಅವರ ಅತ್ಯುತ್ತಮ ಕೆಲಸವೆಂದು ಹೇಳಬೇಕು. 1926ರ ಪ್ರಯೋಗದಲ್ಲಿ ಕಾಣುವುದು ಕಣ್ಣಿನ ಚುರುಕು, ಇದರಲ್ಲಿ ಬುದ್ಧಿಯ ಚುರುಕು.

ಅಸ್ಥಿರಜ್ಜಿನೊಳಗೆ ಆಗುವುದೇನು ಎಂಬ ಪ್ರಶ್ನೆಗೆ ಮಾತ್ರ ಆಗ ಉತ್ತರವಿರಲಿಲ್ಲ, ಇರುವಂತೆಯೂ ಇರಲಿಲ್ಲ. ಕೊಲಾಜೆನ್‌ನ ರಚನೆಯೇ ತಿಳಿದಿರಲಿಲ್ಲ. 1952ರಲ್ಲಿ ಮದ್ರಾಸಿಗೆ ಬಂದಿದ್ದ ವಿಜ್ಞಾನಿ ಜೆ. ಡಿ. ಬರ್ನಾಲ್ ಅವರ ಮಾತಿನಿಂದ ಈ ಸಮಸ್ಯೆಯತ್ತ ತಿರುಗಿದ ಅಲ್ಲಿನ ಭೌತವಿಜ್ಞಾನಿ ಜಿ. ಎನ್. ರಾಮಚಂದ್ರನ್, ಗೋಪಿನಾಥ ಕರ್ತಾ ಅವರೊಂದಿಗೆ 1954–55ರಲ್ಲಿ ಮೂರು ಎಳೆಗಳು ಹೊಸೆದುಕೊಂಡ ಸುರುಳಿಯ ರಚನೆಯನ್ನು ಮಂಡಿಸಿದರು. ಪ್ರತಿ ಎಳೆಯಲ್ಲೂ ಮೂರನೆಯ ಸ್ಥಾನಕ್ಕೊಮ್ಮೆ ಗ್ಲೈಸಿನ್ ಎಂಬ ಅತಿ ಸಣ್ಣ ಅಮೈನೋ ಆಮ್ಲ ಬರುತ್ತದೆ. ಸುರುಳಿಯ ಒಳಮೈಯಲ್ಲಿ ಅದಕ್ಕಿಂತ ದೊಡ್ಡದಕ್ಕೆ ಜಾಗವಿಲ್ಲ. ಇಷ್ಟು ಬಿಗಿಯಾಗಿ ಹೊಸೆದ ಎಳೆಯನ್ನು ಸಾಮಾನ್ಯ ಜೀರ್ಣಕಿಣ್ವಗಳು ಮುಟ್ಟಲಾರವು. ಹಾಗಾದರೆ ಜೀವಂತ ದೇಹ ತನ್ನ ಕೊಲಾಜೆನ್ ಅನ್ನು ಹೇಗೆ ಕಳೆದುಕೊಳ್ಳುತ್ತದೆ? 1962ರಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ ಗೊದಮೊಟ್ಟೆಯ ಬಾಲದಲ್ಲಿ ಉತ್ತರ ಕಂಡರು. ಕಪ್ಪೆಯಾಗುವಾಗ ಕರಗುವ ಆ ಬಾಲ ಕೊಲಾಜೆನೇಸ್ ಎಂಬ ಕಿಣ್ವವನ್ನು ಸುರಿಸುತ್ತದೆ. ಅದು ಮೂರೂ ಎಳೆಗಳನ್ನು ಒಂದೇ ನಿರ್ದಿಷ್ಟ ಜಾಗದಲ್ಲಿ, ಉದ್ದದ ಮುಕ್ಕಾಲು–ಕಾಲು ಪಾಲಾಗುವಂತೆ ಕತ್ತರಿಸುತ್ತದೆ. ಉಳಿದ ಕೆಲಸ ಇತರ ಕಿಣ್ವಗಳದ್ದು. ಸಸ್ತನಿಗಳ ಅಂಗಾಂಶದಲ್ಲೂ ಇಂಥ ಕಿಣ್ವಗಳಿವೆ.

ರಿಲ್ಯಾಕ್ಸಿನ್ ಕೈಯಾಡಿಸುವುದು ಇಲ್ಲಿಯೇ. ಸಂಯೋಜಕ ಅಂಗಾಂಶವನ್ನು ನೇಯುವ ಫೈಬ್ರೊಬ್ಲಾಸ್ಟ್ ಕೋಶಗಳನ್ನು ಮನುಷ್ಯರ ಚರ್ಮದಿಂದ ತೆಗೆದು ಬೆಳೆಸಿ, ಎಲೇನ್ ಉನೆಮೋರಿ ಮತ್ತು ಎಡ್ವರ್ಡ್ ಅಮೆಂಟೊ 1990ರಲ್ಲಿ ತೋರಿಸಿದಂತೆ, ರಿಲ್ಯಾಕ್ಸಿನ್ ತಾಗಿದ ಕೋಶಗಳು ಕೊಲಾಜೆನ್ ತಯಾರಿಕೆ ಕಡಿಮೆ ಮಾಡುತ್ತವೆ, ಕೊಲಾಜೆನೇಸ್‌ನ ಪೂರ್ವರೂಪವನ್ನು ಹೆಚ್ಚು ಹೊರಹಾಕುತ್ತವೆ. ಹೊಸತು ಬರುವುದು ತಗ್ಗುತ್ತದೆ, ಹಳತು ಹೋಗುವುದು ಹೆಚ್ಚುತ್ತದೆ. ಬಸಿರಿನ ಕೊನೆಯಲ್ಲಿ ಗರ್ಭಕೋಶದ ಕೊರಳಿನಲ್ಲಿ ಇದರ ಜೊತೆಗೆ ನೀರಿನಂಶವೂ ಏರುತ್ತದೆ, ಕೊಲಾಜೆನ್ ಎಳೆಗಳ ಒತ್ತಾದ ಕಟ್ಟು ಬಿಚ್ಚಿಕೊಂಡು ದೂರ ಸರಿಯುತ್ತದೆ. ತಿಂಗಳುಗಟ್ಟಲೆ ಮಗುವಿನ ಭಾರ ತಡೆದ ಬಿಗಿಯಾದ ಕೊರಳು ಹತ್ತು ಸೆಂಟಿಮೀಟರ್ ತೆರೆದುಕೊಳ್ಳುವುದು ಈ ಪೂರ್ವಸಿದ್ಧತೆಯಿಂದ.

ಹಾರ್ಮೋನಿನ ಸ್ವರೂಪ ಅಷ್ಟರಲ್ಲಿ ಸ್ಪಷ್ಟವಾಗಿತ್ತು. 1974ರಲ್ಲಿ ಶೆರ್ವುಡ್ ಮತ್ತು ಓಬರ್ನ್ ಹಂದಿಯ ರಿಲ್ಯಾಕ್ಸಿನ್ ಅನ್ನು ಶುದ್ಧಗೊಳಿಸಿದರು. ಅದರ ಅಣುಭಾರ ಸುಮಾರು 6,000. 1977ರ ವೇಳೆಗೆ ಮೆಲ್ಬರ್ನ್–ಹವಾಯಿಗಳ ಒಂದು ಗುಂಪು ಮತ್ತು ಕ್ರಿಶ್ಚಿಯನ್ ಶ್ವಾಬೆ ಅವರ ಗುಂಪು ಅದರ ಅಮೈನೋ ಆಮ್ಲಗಳ ಸರಣಿ ಬಿಡಿಸಿದವು. ಫಲಿತಾಂಶ ಅನಿರೀಕ್ಷಿತ. ಎರಡು ಸರಪಣಿಗಳು, ಅವುಗಳ ನಡುವೆ ಎರಡು ಗಂಧಕದ ಕೊಂಡಿಗಳು, ಒಂದು ಸರಪಣಿಯೊಳಗೇ ಇನ್ನೊಂದು: ಥೇಟ್ ಇನ್ಸುಲಿನ್‌ನ ವಿನ್ಯಾಸ. ಮಿಕ್ಕ ಅಮೈನೋ ಆಮ್ಲಗಳು ಬಹುಪಾಲು ಬೇರೆ, ಎಲುಬುಗಟ್ಟು ಮಾತ್ರ ಅದೇ. ಸಕ್ಕರೆ ಸಾಗಿಸುವ ಹಾರ್ಮೋನು ಮತ್ತು ಸೊಂಟ ಸಡಿಲಿಸುವ ಹಾರ್ಮೋನು ಒಂದೇ ಪೂರ್ವಜ ಜೀನಿನ ಸಂತತಿ. 1983–84ರಲ್ಲಿ ಮೆಲ್ಬರ್ನ್‌ನ ಸಂಶೋಧಕರು ಮನುಷ್ಯರ ಎರಡು ರಿಲ್ಯಾಕ್ಸಿನ್ ಜೀನ್‌ಗಳನ್ನು ಗುರುತಿಸಿದರು. ಬಸುರಿಯ ರಕ್ತದಲ್ಲಿ ಹರಿಯುವುದು ಎರಡನೆಯದರ ಉತ್ಪನ್ನ.

ಇನ್ಸುಲಿನ್‌ನ ನೆಂಟಸ್ತಿಕೆ ನಂಬಿ ರಿಲ್ಯಾಕ್ಸಿನ್‌ನ ಸಂದೇಶ ಹಿಡಿಯುವ ಕೋಶದ ಗ್ರಾಹಿಯೂ ಇನ್ಸುಲಿನ್ ಗ್ರಾಹಿಯಂತೆಯೇ ಇರಬೇಕೆಂದು ಹಲವು ವರ್ಷ ಹುಡುಕಾಟ ನಡೆಯಿತು. 2002ರಲ್ಲಿ ಸ್ಟ್ಯಾನ್‌ಫರ್ಡ್‌ನ ಆರನ್ ಷುಯೆ ಅವರ ತಂಡ ನಿಜವಾದ ಗ್ರಾಹಿಯನ್ನು ಕಂಡಿತು. ಅದು ಸೇರಿದ್ದು ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಗ್ರಾಹಿಗಳ ಮನೆತನಕ್ಕೆ. ಹೈಸಾ ತಮ್ಮ ಜೀವಮಾನದಲ್ಲಿ ಬೇರೆ ಬೇರೆಯಾಗಿ ಹುಡುಕಿ ತೆಗೆದ ಮೂರು ಹಾರ್ಮೋನುಗಳು ಕೋಶದ ಹೊಸ್ತಿಲಲ್ಲಿ ಒಂದೇ ಬಗೆಯ ಗ್ರಾಹಿಗಳನ್ನು ತಟ್ಟುತ್ತವೆಂಬುದು ಅವರು ತೀರಿಕೊಂಡ 30 ವರ್ಷಗಳ ಮೇಲೆ ತಿಳಿದುಬಂತು. ಇದೇ ಕುಟುಂಬದ ಇನ್ನೊಂದು ಗ್ರಾಹಿಯ ಮೂಲಕ ರಿಲ್ಯಾಕ್ಸಿನ್‌ನ ಸಮೀಪಬಂಧು ಹಾರ್ಮೋನೊಂದು ಗಂಡು ಭ್ರೂಣದಲ್ಲಿ ವೃಷಣವನ್ನು ಹೊಟ್ಟೆಯಿಂದ ಕೆಳಗಿಳಿಸುವ ಅಸ್ಥಿರಜ್ಜನ್ನು ನಿಯಂತ್ರಿಸುತ್ತದೆ.

ರಿಲ್ಯಾಕ್ಸಿನ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 1999ರ ಉತ್ತರ ಮನಕಲಕುವಂಥದ್ದು. ಆ ಜೀನ್ ಕೆಡಿಸಿದ ಇಲಿಗಳನ್ನು ಮೆಲ್ಬರ್ನ್‌ನಲ್ಲಿ ಬೆಳೆಸಿದಾಗ, ಅವು ಬಸಿರಾದವು, ಮರಿ ಹಾಕಿದವು; ಸೊಂಟದ ಕೀಲು ಮಾತ್ರ ಹಿಗ್ಗಲಿಲ್ಲ. ಮರಿಗಳು ಬದುಕಲಿಲ್ಲ. ತಾಯಿಯಲ್ಲಿ ಹಾಲಿತ್ತು, ಮೊಲೆತೊಟ್ಟು ಬೆಳೆದಿರಲಿಲ್ಲ. ಹಸಿದ ಮರಿಗಳಿಗೆ ಬಾಯಿ ಹಾಕಲು ಏನೂ ಇರಲಿಲ್ಲ. ಮೊಲೆತೊಟ್ಟು ಬೆಳೆಯುವುದೂ ಸಂಯೋಜಕ ಅಂಗಾಂಶ ಸಡಿಲಗೊಂಡು ಜಾಗ ಬಿಟ್ಟಾಗಲೇ. ಇನ್ನೂ ದೊಡ್ಡ ಸುದ್ದಿ ಗಂಡು ಇಲಿಗಳಿಂದ ಬಂತು. ಬಸಿರಿಗೂ ಹೆರಿಗೆಗೂ ಸಂಬಂಧವಿಲ್ಲದ ಆ ಇಲಿಗಳ ಶ್ವಾಸಕೋಶ, ಹೃದಯ, ಮೂತ್ರಪಿಂಡಗಳಲ್ಲಿ ವಯಸ್ಸಾದಂತೆ ಕೊಲಾಜೆನ್ ಶೇಖರವಾಗಿ ಅಂಗಗಳು ಗಡುಸಾದವು. ಹೆರಿಗೆಯ ಹಾರ್ಮೋನೆಂದು ಹೆಸರಾದದ್ದು ಇಡೀ ದೇಹದ ಕೊಲಾಜೆನ್ ಲೆಕ್ಕವನ್ನು ನೋಡಿಕೊಳ್ಳುವ ಹಾರ್ಮೋನು ಕೂಡ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಒಂದು ಪ್ರಾಣಿಯಲ್ಲಿ ಕಂಡದ್ದು ಇನ್ನೊಂದರಲ್ಲಿ ನಡೆಯುತ್ತದೆಂಬ ಭರವಸೆ ಈ ಹಾರ್ಮೋನಿನ ಮಟ್ಟಿಗೆ ಸಲ್ಲದು. ಕರು ಹಾಕುವ ಮುನ್ನ ಹಸುವಿನ ಬಾಲದ ಬುಡದ ಎರಡೂ ಬದಿ ಇಳಿಯುವುದನ್ನು ನಮ್ಮ ರೈತರು ನೋಡಿ ದಿನ ಎಣಿಸುತ್ತಾರೆ; ಅದು ಸೊಂಟದ ಅಸ್ಥಿರಜ್ಜು ಸಡಿಲಾದ ಗುರುತು. ಆದರೆ ಹಸು, ಕುರಿಗಳಂಥ ಮೆಲುಕು ಹಾಕುವ ಪ್ರಾಣಿಗಳಲ್ಲಿ ಕೆಲಸ ಮಾಡುವ ರಿಲ್ಯಾಕ್ಸಿನ್ ಜೀನ್ ಇಲ್ಲ. ಅಲ್ಲಿ ಈ ಕೆಲಸವನ್ನು ಈಸ್ಟ್ರೋಜೆನ್ ಮತ್ತಿತರ ಹಾರ್ಮೋನುಗಳು ಮಾಡುತ್ತವೆ. ಮನುಷ್ಯರಲ್ಲಿ ರಿಲ್ಯಾಕ್ಸಿನ್ ಅತಿ ಹೆಚ್ಚಿರುವುದು ಹೆರಿಗೆಯ ಹೊತ್ತಿಗಲ್ಲ, ಬಸಿರಿನ ಮೊದಲ ಮೂರು ತಿಂಗಳಲ್ಲಿ. ಹೆಂಗಸರ ಜಘನಾಸ್ಥಿಗಳ ನಡುವಿನ ಅಂತರ ಬಸಿರಿನಲ್ಲಿ ಹಿಗ್ಗುವುದು ಎರಡು–ಮೂರು ಮಿಲಿಮೀಟರ್ ಮಾತ್ರ. ಅಂಡಾಶಯ ಕೆಲಸ ನಿಲ್ಲಿಸಿದ್ದು ಬೇರೆಯವರ ಅಂಡಾಣುವಿನಿಂದ ಬಸಿರಾದ ಹೆಂಗಸರಲ್ಲಿ ಪೀತಪಿಂಡವಿಲ್ಲ, ರಕ್ತದಲ್ಲಿ ಅಳೆಯುವಷ್ಟು ರಿಲ್ಯಾಕ್ಸಿನ್ ಇಲ್ಲ. ಆದರೂ ಅವರಿಗೆ ಹೆರಿಗೆಯಾಗುತ್ತದೆ. ಬಸುರಿಯರ ಸೊಂಟನೋವಿಗೆಲ್ಲ ರಿಲ್ಯಾಕ್ಸಿನ್ನೇ ಕಾರಣವೆಂಬ ಪ್ರಚಲಿತ ಮಾತಿಗೂ ಆಧಾರ ದುರ್ಬಲ: ರಕ್ತದಲ್ಲಿನ ಪ್ರಮಾಣಕ್ಕೂ ನೋವಿಗೂ ಸ್ಥಿರವಾದ ಸಂಬಂಧ ಅಧ್ಯಯನಗಳಲ್ಲಿ ಸಿಕ್ಕಿಲ್ಲ. ಮನುಷ್ಯರಲ್ಲಿ ಅದರ ಕೆಲಸ ಹೆಚ್ಚು ಕಾಣುವುದು ರಕ್ತನಾಳಗಳಲ್ಲಿ. ಬಸಿರಿನಲ್ಲಿ ಮೂತ್ರಪಿಂಡದ ಸೋಸುವಿಕೆ ಸುಮಾರು ಅರ್ಧದಷ್ಟು ಹೆಚ್ಚುವುದರಲ್ಲಿ ಅದಕ್ಕೆ ಪಾಲಿದೆಯೆಂದು ಕರ್ಕ್ ಕಾನ್ರಾಡ್ ಅವರ ಇಲಿ ಪ್ರಯೋಗಗಳು ಸೂಚಿಸಿದವು.

ಔಷಧಿಯಾಗಿ ರಿಲ್ಯಾಕ್ಸಿನ್ ಪಟ್ಟ ಪಾಡು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. 1950ರ ದಶಕದಲ್ಲಿ ವಾರ್ನರ್-ಚಿಲ್ಕಾಟ್ ಕಂಪನಿ ಹಂದಿಯ ಅಂಡಾಶಯದಿಂದ ತೆಗೆದ ರಿಲೀಸಿನ್ ಎಂಬ ಔಷಧಿಯನ್ನು ಅಕಾಲ ಹೆರಿಗೆ ತಡೆಯಲೆಂದು ತಂದಿತು, ಅದು ನಿಲ್ಲಲಿಲ್ಲ. ಗರ್ಭಕೋಶದ ಕೊರಳನ್ನು ಹದಗೊಳಿಸಲು ಹಂದಿಯ ರಿಲ್ಯಾಕ್ಸಿನ್ 1980ರ ದಶಕದಲ್ಲಿ ಆಶೆ ಹುಟ್ಟಿಸಿತು, ಜೀನ್ ತಂತ್ರಜ್ಞಾನದಿಂದ ತಯಾರಿಸಿದ ಮನುಷ್ಯರ ರಿಲ್ಯಾಕ್ಸಿನ್ 1990ರ ದಶಕದಲ್ಲಿ ಆ ಆಶೆ ಪೂರೈಸಲಿಲ್ಲ. ಚರ್ಮ ಮತ್ತು ಒಳಾಂಗಗಳು ಗಡುಸಾಗುವ ಸ್ಕ್ಲೀರೋಡರ್ಮಾ ರೋಗದಲ್ಲಿ 2000ದ ಸಣ್ಣ ಪರೀಕ್ಷೆ ಚೆನ್ನಾಗಿ ಬಂತು, 2009ರ ದೊಡ್ಡ ಪರೀಕ್ಷೆ ಸೋತಿತು. ತೀವ್ರ ಹೃದಯವೈಫಲ್ಯಕ್ಕೆ ನೊವಾರ್ಟಿಸ್ ಕಂಪನಿ ಸಿರೆಲ್ಯಾಕ್ಸಿನ್ ಹೆಸರಿನಲ್ಲಿ ಕೊಟ್ಟಾಗ, 1,161 ರೋಗಿಗಳ 2013ರ ಪರೀಕ್ಷೆಯಲ್ಲಿ ಉಸಿರಾಟ ಸುಧಾರಿಸಿತು, ಸಾವು ಕಡಿಮೆಯಾದಂತೆ ಕಂಡಿತು. 6,000ಕ್ಕೂ ಹೆಚ್ಚು ರೋಗಿಗಳ ಮುಂದಿನ ಪರೀಕ್ಷೆಯಲ್ಲಿ 180 ದಿನಗಳೊಳಗಿನ ಹೃದಯಸಂಬಂಧಿ ಸಾವು ತಗ್ಗಲಿಲ್ಲ. ಸೋಲಿಗೆ ಒಂದು ಕಾರಣ ಇದಿರಬಹುದು. ಈ ಪ್ರೋಟೀನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯದು, ಸತತವಾಗಿ ಹನಿಸಬೇಕು. ಹೃದಯದ ರೋಗಿಗಳಿಗೆ ಅದನ್ನು ಕೊಟ್ಟದ್ದು 48 ಗಂಟೆ. ಗಟ್ಟಿಯಾದ ಕೊಲಾಜೆನ್ ಕರಗಲು ವಾರಗಳು ಬೇಕು.

ಹಾಗಾಗಿ ಈಗಿನ ಪ್ರಯತ್ನಗಳು ದೀರ್ಘಕಾಲ ಉಳಿಯುವ ರೂಪಗಳತ್ತ, ಗುಳಿಗೆಯಾಗಿ ನುಂಗಬಲ್ಲ ಸಣ್ಣ ಅಣುಗಳತ್ತ ತಿರುಗಿವೆ. 2013ರಲ್ಲಿ ವರದಿಯಾದ ಎಂಎಲ್290 ಅಂಥದೊಂದು ಅಣು. ಅದು ಪ್ರೋಟೀನಲ್ಲ, ಆದರೂ ರಿಲ್ಯಾಕ್ಸಿನ್‌ನ ಗ್ರಾಹಿಯನ್ನು ಚುರುಕುಗೊಳಿಸುತ್ತದೆ. ಅದು ಮನುಷ್ಯರ ಗ್ರಾಹಿಯ ಮೇಲೆ ಕೆಲಸ ಮಾಡುತ್ತದೆ, ಇಲಿಯ ಗ್ರಾಹಿಯ ಮೇಲೆ ಮಾಡುವುದಿಲ್ಲ. ಪರೀಕ್ಷೆ ಮುಂದುವರಿಸಲು ಸಂಶೋಧಕರು ಇಲಿಯ ಗ್ರಾಹಿಯ ಜಾಗದಲ್ಲಿ ಮನುಷ್ಯರ ಗ್ರಾಹಿಯ ಜೀನ್ ಇರುವ ಇಲಿಗಳನ್ನೇ ಬೆಳೆಸಬೇಕಾಯಿತು.